ಕೆಂಡ ಒಳಗೆ ಬಂದ ಸಂಜೆ

ಕಡಲಿನಲ್ಲಿ ಯಾರಿಗಾದರೂ ತಲೆ ಸುತ್ತಿದರೆ ನಾವು ಮೊದಲು ದೂರುವುದು ಅಲೆಯನ್ನು. ನಾನೂ ಹಾಗೆಯೇ ಮಾಡಿದೆ. 2025ರ ಜನವರಿಯಲ್ಲಿ ಒಂದು ಸಂಜೆ, ದುಬೈಯ ಪಾಮ್ ಜುಮೇರಾ ಎಂಬ ಕೃತಕ ದ್ವೀಪದ ಹೊರಬದಿಯಲ್ಲಿ ಲಂಗರು ಹಾಕಿ ನಿಂತಿದ್ದ ನನ್ನ ಬೋಟಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಐದಾರು ಜನಕ್ಕೆ ತಲೆನೋವು, ಓಕರಿಕೆ ಶುರುವಾಯಿತು. ಅಡುಗೆ ಕಟ್ಟೆಯಿಂದ ನಿಂಬೆಹಣ್ಣು ತಂದು ಅವರ ಕೈಗೆ ಕೊಟ್ಟೆ. "ಮೂಸಿ ನೋಡಿ, ದೂರದ ದೀಪದ ಕಡೆ ದೃಷ್ಟಿ ಇಡಿ, ಸರಿಹೋಗುತ್ತದೆ" ಎಂದೆ. ಸರಿಹೋಗುವಂಥದ್ದು ಅದಾಗಿರಲಿಲ್ಲ.

ಮಲ್ಪೆಯಲ್ಲಿ ಹುಟ್ಟಿದವನು ನಾನು. ಬಂದರಿನ ಕೆಲಸ ಬಿಟ್ಟು ಕೊಲ್ಲಿಗೆ ಬಂದ ಮೇಲೆ ಬಾಡಿಗೆ ಬೋಟುಗಳಲ್ಲಿ ದುಡಿದು, ಪರೀಕ್ಷೆ ಕಟ್ಟಿ, ಕ್ಯಾಪ್ಟನ್ ಆದೆ. ಇಲ್ಲಿ ಬೋಟು ಬಾಡಿಗೆಗೆ ಕೇಳುವವರ ಎರಡನೆಯ ಪ್ರಶ್ನೆಯೇ "ಶೀಶಾ ಇದೆಯಾ?" ನಮ್ಮ ಹಳ್ಳಿಗಳ ಗುಡುಗುಡಿ, ಬೆಂಗಳೂರಿನವರ ಹುಕ್ಕಾ, ಕೊಲ್ಲಿಯಲ್ಲಿ ಶೀಶಾ. ಹೆಸರು ಯಾವುದಿದ್ದರೂ ಅದರ ನೆತ್ತಿಯ ಮೇಲೆ ಉರಿಯುವುದು ಇದ್ದಿಲು. ಈ ಬರಹ ಆ ಇದ್ದಿಲಿನ ಬಗ್ಗೆ. ಅಂದು ಬೋಟಿನಲ್ಲಿದ್ದವರ ಒಪ್ಪಿಗೆ ಪಡೆದು, ಗುರುತಿನ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಬೋಟು ಸುಮಾರು 56 ಅಡಿಯದು. ಫೈಬರ್ ಮೈ, ಎರಡು ಡೀಸೆಲ್ ಎಂಜಿನ್, ದೀಪಕ್ಕೂ ಎಸಿಗೂ ಒಂದು ಡೀಸೆಲ್ ಜನರೇಟರ್. ಮೇಲೆ ಫ್ಲೈಬ್ರಿಜ್, ಎಂದರೆ ತೆರೆದ ಮಹಡಿ. ಅದರ ಕೆಳಗೆ ಸೋಫಾ ಮತ್ತು ಅಡುಗೆ ಕಟ್ಟೆ ಇರುವ ಸಲೂನ್, ಅದರ ಹಿಂಬದಿಗೆ ಗಾಜಿನ ಸರಿಸುವ ಬಾಗಿಲು, ಬಾಗಿಲಾಚೆ ಹಿಂದಿನ ಡೆಕ್. ಸಲೂನಿನಿಂದ ನಾಲ್ಕು ಮೆಟ್ಟಿಲು ಇಳಿದರೆ ಮಲಗುವ ಕೋಣೆಗಳು. ಹದಿನಾಲ್ಕು ಅತಿಥಿಗಳು, ನಾವು ಮೂವರು ಸಿಬ್ಬಂದಿ. ನಲವತ್ತು ತುಂಬಿದ ಒಬ್ಬರ ಹುಟ್ಟುಹಬ್ಬ. ಅವರು ದಾವಣಗೆರೆಯವರು. ಅವರ ತಂಗಿ ಮೈಸೂರಿನಿಂದ ಬಂದಿದ್ದರು, ಐದು ತಿಂಗಳ ಗರ್ಭಿಣಿ. ನನ್ನ ಮಾತು ಕೇಳಿದೊಡನೆ ಆ ತಂಗಿ "ಅಣ್ಣಾ, ನೀವು ಕನ್ನಡದವರಾ?" ಎಂದು ಹಿಗ್ಗಿದರು. ಬೆಂಗಳೂರಿನಿಂದ ಬಂದ ಇಬ್ಬರು ಗೆಳೆಯರಿಗೆ ಶೀಶಾದ ಆಸೆ ಹೆಚ್ಚು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ಮಾರಾಟವನ್ನೂ ಸೇವನೆಯನ್ನೂ ನಿಷೇಧಿಸಿತ್ತು, ಅದೇ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿದಿತ್ತು. "ಅಲ್ಲಿ ಸಿಗಲ್ಲ, ಇಲ್ಲಾದ್ರೂ ಸೇದೋಣ" ಎಂದು ಎರಡು ಶೀಶಾ ಹೇಳಿಟ್ಟಿದ್ದರು.

ಸಂಜೆ ಐದೂವರೆಗೆ ಮರೀನಾದಿಂದ ಹೊರಟೆವು. ಐನ್ ದುಬೈಯ ದೊಡ್ಡ ಚಕ್ರ ಬಲಕ್ಕೋ ಎಡಕ್ಕೋ ಎಂಬ ಫೋಟೋ ಗಲಾಟೆ ಮುಗಿದು, ಅಟ್ಲಾಂಟಿಸ್ ಹೋಟೆಲಿನ ಎದುರು ಲಂಗರು ಬಿಟ್ಟಾಗ ಸೂರ್ಯ ಮುಳುಗಿದ್ದ. ಶಮಾಲ್, ಎಂದರೆ ವಾಯವ್ಯದ ಗಾಳಿ, ಮರುದಿನಕ್ಕೆಂದು ಮುನ್ಸೂಚನೆಯಿತ್ತು. ಅದರ ಒಂದು ಎಳೆ ಆ ಸಂಜೆಯೇ ಬಂತು.

ಶೀಶಾ ಎರಡನ್ನೂ ಫ್ಲೈಬ್ರಿಜ್ ಮೇಲೆ ಇಟ್ಟಿದ್ದೆವು. ತೆರೆದ ಜಾಗ, ಹೊಗೆ ಹೋಗಲು ಆಕಾಶವೇ ಇದೆ ಎಂಬುದು ನನ್ನ ಲೆಕ್ಕ. ಗಾಳಿ ಏರಿದಂತೆ ಕೆಂಡ ಕುಲುಮೆಯ ಹಾಗೆ ಹೊಳೆಯತೊಡಗಿತು, ಕಿಡಿ ಹಾರಿತು. ಆ ಹೊತ್ತಿಗೇ ಪಕ್ಕದಲ್ಲಿ ವೇಗವಾಗಿ ಹೋದ ಬೋಟಿನ ಅಲೆ ನಮಗೆ ಬಡಿದು ಒಂದು ಶೀಶಾ ವಾಲಿತು. ಕೆಂಡವೊಂದು ಉರುಳಿ ಸೋಫಾದ ದಿಂಬಿನ ಮೇಲೆ ನಿಂತಿತು. ನಮ್ಮ ಡೆಕ್ ಹುಡುಗ ಚಿಮಟ ಹುಡುಕುವಷ್ಟರಲ್ಲಿ ರೆಕ್ಸಿನ್ ಕರಗಿ, ಒಳಗಿನ ಸ್ಪಂಜು ಕಪ್ಪಾಗಿ, ಕಣ್ಣುರಿಸುವ ಹೊಗೆ ಎದ್ದಿತ್ತು. ನೀರು ಸುರಿದು ಆರಿಸಿದೆವು. ಆ ಸ್ಪಂಜು ಪಾಲಿಯುರೆಥೇನ್, ಉರಿದರೆ ಸೈನೈಡ್ ಜಾತಿಯ ಅನಿಲವನ್ನೂ ಬಿಡುತ್ತದೆ. ಅದರ ಅಡಿಯ ಫೈಬರ್ ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು, ಬೋಟಿಗೆ ಬಿದ್ದರೆ ಓಡಲು ಜಾಗ ಇಲ್ಲ.

ನನ್ನ ಎದೆ ಬಡಿದುಕೊಳ್ಳುತ್ತಿತ್ತು. "ಮೇಲೆ ಬೇಡ, ಕೆಳಗೆ ತನ್ನಿ" ಎಂದೆ.

ಇಡೀ ಪ್ರಕರಣ ಈ ಒಂದು ಮಾತಿನ ಮೇಲೆ ನಿಂತಿದೆ. ಕೆಳಗೆ ಎಂದರೆ ಹಿಂದಿನ ಡೆಕ್ ಎಂದು ನನ್ನ ಮನಸ್ಸಿನಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಹುಡುಗರು ಹಿಂದಿನ ಡೆಕ್‌ನಲ್ಲೇ ಇಟ್ಟರು. ಹತ್ತು ನಿಮಿಷದಲ್ಲಿ ಅತಿಥಿಗಳಿಗೆ ಚಳಿ ಹತ್ತಿತು. ಶೀಶಾ ಸಲೂನಿಗೆ ಹೋಯಿತು, ಗಾಜಿನ ಬಾಗಿಲು ಮುಚ್ಚಿತು. ನಾನು ಅದನ್ನು ನೋಡಿದೆ. ನೋಡಿಯೂ ಸುಮ್ಮನಿದ್ದೆ, ಯಾಕೆಂದರೆ ಗಾಳಿಯಿಲ್ಲದ ಜಾಗದಲ್ಲಿ ಕಿಡಿ ಹಾರುವುದಿಲ್ಲ, ಶೀಶಾ ವಾಲುವುದಿಲ್ಲ. ಬೆಂಕಿಗೆ ಹೆದರಿದ ಮನಸ್ಸಿಗೆ ಮುಚ್ಚಿದ ಕೋಣೆ ಕ್ಷೇಮವಾಗಿ ಕಂಡಿತು.

ಏಳು ಗಂಟೆಯ ಹೊತ್ತಿಗೆ ಸಲೂನಿನಲ್ಲಿ ಒಂಬತ್ತು ಜನ. ಎರಡು ಶೀಶಾ, ಒಂದೊಂದರ ಮೇಲೆ ಮೂರು ತುಂಡು ತೆಂಗಿನ ಚಿಪ್ಪಿನ ಇದ್ದಿಲು. ಮುಂದಿನ ಸುತ್ತಿನ ಇದ್ದಿಲನ್ನು ಅಲ್ಲೇ ಅಡುಗೆ ಕಟ್ಟೆಯ ಕರೆಂಟ್ ಒಲೆಯ ಮೇಲೆ ಕೆಂಪಗೆ ಮಾಡುತ್ತಿದ್ದರು. ಹೊಗೆ ಹೆಚ್ಚಾಯಿತೆಂದು ಯಾರೋ ಒಲೆಯ ಮೇಲಿನ ಚಿಮಣಿ ಹಾಕಿದರು, ಇನ್ನಾರೋ ಎಸಿ ಹಾಕಿದರು. ಈ ಎರಡರ ಮೇಲೂ ಜನಕ್ಕೆ ಇರುವ ನಂಬಿಕೆ ಬೋಟಿನಲ್ಲಿ ಸುಳ್ಳಾಗುತ್ತದೆ. ನಮ್ಮ ಬೋಟಿನ ಚಿಮಣಿ ಗಾಳಿಯನ್ನು ಹೊರಗೆ ತಳ್ಳುವುದಿಲ್ಲ, ಫಿಲ್ಟರಿನಲ್ಲಿ ಹಾಯಿಸಿ ಒಳಗೇ ಬಿಡುತ್ತದೆ. ಬೋಟಿನ ಎಸಿ ಕಡಲ ನೀರಿನಿಂದ ತನ್ನ ಬಿಸಿಯನ್ನು ಕಳೆದುಕೊಳ್ಳುತ್ತದೆ, ಆದರೆ ತಂಪು ಮಾಡುವುದು ಒಳಗಿನ ಗಾಳಿಯನ್ನೇ, ಮತ್ತೆ ಮತ್ತೆ. ಹೊರಗಿನ ಗಾಳಿ ಒಂದು ಹಿಡಿಯಷ್ಟೂ ಒಳಗೆ ಬರುವುದಿಲ್ಲ. ಹೊಗೆಯ ಘಾಟು ಕಡಿಮೆಯಾಯಿತು, ಶೀಶಾ ತಂಬಾಕಿನ ದ್ರಾಕ್ಷಿ ಪುದೀನದ ಪರಿಮಳ ಉಳಿಯಿತು, ಎಲ್ಲರಿಗೂ ಹಾಯೆನಿಸಿತು.

ಇದ್ದಿಲು ಸೀಮಿತ ಗಾಳಿಯಲ್ಲಿ ಕನಲುವಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಶೀಶಾದ ಬುಡದ ನೀರಿನಲ್ಲಿ ಅದು ಕರಗುವುದೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೀರು ಸೋಸುತ್ತದೆ ಎನ್ನುವ ಮಾತಿಗೆ ಅರ್ಥವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ಸರಾಗವಾಗಿಯೇ ಇರುತ್ತದೆ, ಮೈಗೆ ಮಾತ್ರ ಉಸಿರು ಮುಟ್ಟುವುದಿಲ್ಲ. ಶುರುವಿನ ಲಕ್ಷಣಗಳು ತಲೆನೋವು, ತಲೆಸುತ್ತು, ಓಕರಿಕೆ, ಸುಸ್ತು. ಅಲೆಯ ಮೇಲೆ ನಿಂತ ಬೋಟಿನಲ್ಲಿ ಹೊಸಬರಿಗೆ ಆಗುವುದೂ ಇದೇ ನಾಲ್ಕು. ನೆಲದ ಮೇಲೆ ಯಾರಾದರೂ ಅನುಮಾನಪಡುತ್ತಿದ್ದರೇನೋ. ಕಡಲಿನಲ್ಲಿ ಸುಲಭವಾದ ಉತ್ತರವೊಂದು ಮೊದಲೇ ಸಿದ್ಧವಾಗಿರುತ್ತದೆ.

ಮೊದಲು ಹೇಳಿದ್ದು ಆ ಗರ್ಭಿಣಿ ತಂಗಿ. ಅವರು ಒಂದು ದಮ್ಮೂ ಎಳೆದವರಲ್ಲ, ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕುಳಿತಿದ್ದರು ಅಷ್ಟೆ. "ಅಣ್ಣಾ, ಯಾಕೋ ತಲೆ ಸಿಡಿಯುತ್ತಿದೆ. ಬಸುರಿನದ್ದೋ ಬೋಟಿನದ್ದೋ ಗೊತ್ತಾಗ್ತಿಲ್ಲ" ಎಂದರು. ಆಗಲೇ ನಾನು ನಿಂಬೆಹಣ್ಣು ಕೊಟ್ಟಿದ್ದು. ಹತ್ತು ನಿಮಿಷದಲ್ಲಿ ಬೆಂಗಳೂರಿನವರಲ್ಲಿ ಒಬ್ಬರು ಹೊರಗೆ ಬಂದು ಕಂಬಿ ಹಿಡಿದು ವಾಂತಿ ಮಾಡಿದರು. ನಂತರ ಮತ್ತೊಬ್ಬರು. ಅಲೆ ಆಗ ಮುಂಚಿಗಿಂತ ತಗ್ಗಿತ್ತು. ಅದನ್ನು ಗಮನಿಸಿದ್ದೆ, ಮುಂದಕ್ಕೆ ಯೋಚಿಸಲಿಲ್ಲ. ಫ್ಲೈಬ್ರಿಜ್ ಮೇಲೆ ಕುಳಿತ ಐವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಬೋಟು ತೂಗಿದರೆ ಮೇಲಿನವರಿಗೇ ಹೆಚ್ಚು ತೂಗಬೇಕು. ಅದೂ ಕಣ್ಣೆದುರಿಗೇ ಇತ್ತು.

ಕೆಳಗಿನ ಕೋಣೆಯಲ್ಲಿ ಎಂಟು ವರ್ಷದ ಹುಡುಗನೊಬ್ಬ ಮಲಗಿದ್ದ. ಕಾರ್ಬನ್ ಮೊನಾಕ್ಸೈಡ್ ಅಲಾರಂ ನಮ್ಮಲ್ಲಿ ಇದ್ದದ್ದು ಒಂದೇ, ಆ ಕೋಣೆಯಲ್ಲಿ. ಸಲೂನಿನಲ್ಲಿ ಹೊಗೆಯ ಅಲಾರಂ ಮಾತ್ರ, ಅದನ್ನೂ ಶೀಶಾಕ್ಕೆ ಕಿರುಚುತ್ತದೆಂದು ಯಾವಾಗಲೋ ಮುಚ್ಚಿಟ್ಟಿದ್ದರು. ಎಂಟು ಗಂಟೆ ದಾಟಿದ ಮೇಲೆ ಡೆಕ್ ಹುಡುಗ ಆ ಕೆಳಗಿನ ಅಲಾರಂ ಅನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹಿಂದಿನ ಡೆಕ್‌ಗೆ ಬಂದ. ಬ್ಯಾಟರಿ ಮುಗಿದಿರಬೇಕು, ಕೂಗುತ್ತಿತ್ತು, ಹೊರಗೆ ತಂದೊಡನೆ ನಿಂತಿತು ಎಂದ. "ಹೇಗೆ ಕೂಗುತ್ತಿತ್ತು?" ಎಂದು ಕೇಳಿದೆ. "ನಾಲ್ಕು ಸಲ, ಮತ್ತೆ ನಾಲ್ಕು ಸಲ." ನಮ್ಮ ಆ ಅಲಾರಂ ಬ್ಯಾಟರಿ ಮುಗಿದಾಗ ಆಗೊಮ್ಮೆ ಈಗೊಮ್ಮೆ ಒಂದೇ ಸಲ ಚೀಂಗುಡುತ್ತದೆ. ನಾಲ್ಕು ಎಂದರೆ ಅನಿಲ.

ಅದರ ಮುಖದ ಮೇಲೆ ಅಂಕಿ ತೋರುವ ಸಣ್ಣ ಕಿಟಕಿಯಿದೆ. ಹಿಂದಿನ ಡೆಕ್‌ನ ಗಾಳಿಯಲ್ಲಿ ಸೊನ್ನೆ. ಗಾಜಿನ ಬಾಗಿಲು ಸರಿಸಿ ಸಲೂನಿನ ಒಳಗೆ ಕೈ ಚಾಚಿದೆ. ಅಂಕಿ ಏರಿತು, ಮೂರಂಕಿಗೆ ಹೋಯಿತು. ಮುಂದೆ ಏನು ಬಂತೆಂದು ನೋಡುತ್ತ ನಿಲ್ಲಲಿಲ್ಲ.

ಎಲ್ಲರನ್ನೂ ಹೊರಗೆ ಕರೆದೆವು. ನನ್ನ ಸಹಾಯಕನಾದ ಮೇಟ್ ಕೆಳಗಿಳಿದು ಹುಡುಗನನ್ನು ಎತ್ತಿಕೊಂಡು ಬಂದ. ಎಬ್ಬಿಸಿದರೂ ಅವನ ಕಣ್ಣು ಮತ್ತೆ ಮುಚ್ಚುತ್ತಿತ್ತು. ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಬಾಗಿಲಿಗೆ ಹತ್ತಿರವೆಂದು ಎಲ್ಲರನ್ನೂ ಹಿಂದಿನ ಡೆಕ್‌ನಲ್ಲೇ ಕೂರಿಸಿದೆ. ಜನರೇಟರಿನ ಹೊಗೆ ಬರುವುದು ಹಿಂದಿನಿಂದಲೇ. ಒಂದೆರಡು ನಿಮಿಷದಲ್ಲಿ ಎಚ್ಚರವಾಗಿ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಪಕ್ಕದ ದಾರಿಯಲ್ಲಿ ಕೈಹಿಡಿದು ಮುಂದಿನ ಡೆಕ್‌ಗೆ ಸಾಗಿಸಿದೆವು. ಲಂಗರಿನ ಮೇಲೆ ನಿಂತ ಬೋಟು ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲುತ್ತದೆ, ಹಾಗಾಗಿ ಅಲ್ಲಿ ಸಿಗುವುದು ನೇರ ಕಡಲ ಗಾಳಿ. ಕೆಂಡಗಳನ್ನು ಚಿಮಟದಿಂದ ಎತ್ತಿ ನೀರು ತುಂಬಿದ ಕಬ್ಬಿಣದ ಬಕೆಟ್ಟಿಗೆ ಹಾಕಿ ಹೊರಗಿಟ್ಟೆವು, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದೆವು. 998ಕ್ಕೆ ಕರೆ ಮಾಡಿ ಜೆಟ್ಟಿಗೆ ಆಂಬುಲೆನ್ಸ್ ಕೇಳಿದೆ. ಕರಾವಳಿ ಕಾವಲು ಪಡೆಯ 996ಕ್ಕೂ ತಿಳಿಸಿದೆ.

ಹೊರಡುವ ಮೊದಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಪಲ್ಸ್ ಆಕ್ಸಿಮೀಟರ್ ತೆಗೆದೆ. ಕೊರೋನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿಗೆ ಸಿಕ್ಕಿಸುವ ಅದೇ ಯಂತ್ರ. ತಂಗಿಯ ಬೆರಳಿಗೆ ಹಾಕಿದರೆ 98. ಅವರ ಅಣ್ಣ ನಿಟ್ಟುಸಿರು ಬಿಟ್ಟು, "ಆಕ್ಸಿಜನ್ ಚೆನ್ನಾಗೇ ಇದೆಯಲ್ಲ ಕ್ಯಾಪ್ಟನ್, ಆಂಬುಲೆನ್ಸ್ ಯಾಕೆ? ಎಲ್ಲರೂ ಗಾಬರಿಯಾಗ್ತಾರೆ" ಎಂದರು. ಈ ಯಂತ್ರ ರಕ್ತದ ಕೆಂಪನ್ನು ಬೆಳಕಿನಿಂದ ಅಳೆಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಕೆಂಪಗೇ ಇರುತ್ತದೆ. ಸಾಮಾನ್ಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯದು. ತರಬೇತಿಯಲ್ಲಿ ಕಲಿತ ಈ ಒಂದು ಸಂಗತಿ ಆ ಹೊತ್ತಿಗೆ ನೆನಪಾದದ್ದು ನನ್ನ ಪುಣ್ಯ. "ಸಾರ್, ಈ ಅಂಕಿ ನಂಬಬೇಡಿ. ರಕ್ತ ಪರೀಕ್ಷೆಯಾಗಲೇಬೇಕು. ಅಕ್ಕನಿಗಂತೂ ಆಗಲೇಬೇಕು" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಹಿಮೋಗ್ಲೋಬಿನ್ನಿನ ಎಷ್ಟು ಪಾಲನ್ನು ಅನಿಲ ಹಿಡಿದಿದೆಯೆಂದು ನೋಡಿದರು. ಯಾರದ್ದು ಎಷ್ಟಿತ್ತು ಎಂಬುದು ಅವರವರ ಸ್ವಂತ ಸಂಗತಿ, ಇಲ್ಲಿ ಬರೆಯುವುದಿಲ್ಲ. ಹುಡುಗನೂ ಸೇರಿ ಏಳು ಜನರಿಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಬರಿಯ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ತಂಗಿಯನ್ನು ಮಾತ್ರ ಬಹಳ ಹೊತ್ತು ಇರಿಸಿಕೊಂಡರು. ಗರ್ಭದ ಮಗುವಿನ ಹಿಮೋಗ್ಲೋಬಿನ್ ಈ ಅನಿಲವನ್ನು ಇನ್ನೂ ಬಲವಾಗಿ ಹಿಡಿಯುತ್ತದೆ, ಬಿಡುವುದೂ ತಡ. ತಾಯಿ ಚೇತರಿಸಿಕೊಂಡಳೆಂದರೆ ಮಗುವೂ ಚೇತರಿಸಿಕೊಂಡಿತು ಎಂದಲ್ಲ, ಎಂದು ವೈದ್ಯೆ ಕುಟುಂಬಕ್ಕೆ ಬಿಡಿಸಿ ಹೇಳಿದರು. ಮರುದಿನ ಎಲ್ಲರೂ ಮನೆಗೆ ಹೋದರು. ಮೈಸೂರಿನಲ್ಲಿ ಹೆರಿಗೆಯಾಗಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಆ ಅಣ್ಣನೇ ನನಗೆ ಫೋನ್ ಮಾಡಿ ಹೇಳಿದರು.

ಆ ವಾರ ಬೋಟು ಜೆಟ್ಟಿಯಲ್ಲೇ ಇತ್ತು. ಟೇಪು ಹಿಡಿದು ಸಲೂನ್ ಅಳೆದೆ. ಉದ್ದ 5 ಮೀಟರ್, ಅಗಲ 4, ಎತ್ತರ 2, ಒಟ್ಟು 40 ಘನ ಮೀಟರ್ ಗಾಳಿ. ಕಾಗದದ ಮೇಲೆ ಒಂದು ಅಂದಾಜು ಹಾಕಿದೆ. ಆರು ತುಂಡು ಇದ್ದಿಲು, ತಲಾ 10 ಗ್ರಾಂ. ಅದರಲ್ಲಿ 24 ಗ್ರಾಂ ಇಂಗಾಲ ಉರಿದು, ಹತ್ತನೇ ಒಂದು ಪಾಲು ಮಾತ್ರ ಕಾರ್ಬನ್ ಮೊನಾಕ್ಸೈಡ್ ಆಯಿತೆಂದು ಹಿಡಿದರೂ, ಹುಟ್ಟುವ ಅನಿಲ 5.6 ಗ್ರಾಂ. 40 ಘನ ಮೀಟರಿಗೆ ಹಂಚಿದರೆ ಘನ ಮೀಟರಿಗೆ 140 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಳಾಂಗಣದ ಗಾಳಿಗೆ ಹೇಳಿರುವ ಒಂದು ಗಂಟೆಯ ಮಿತಿ 35 ಮಿಲಿಗ್ರಾಂ. ಒಂದೇ ಸುತ್ತಿನ ಇದ್ದಿಲಿಗೆ ಮಿತಿಯ ನಾಲ್ಕು ಪಟ್ಟು. ಒಲೆಯ ಮೇಲಿದ್ದ ಇದ್ದಿಲನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಶೀಶಾ ಸೇದುವವರು ಕೊಳವೆಯಿಂದ ನೇರವಾಗಿ ಎಳೆದುಕೊಂಡದ್ದನ್ನೂ ಸೇರಿಸಿಲ್ಲ.

ಕೆಳಗಿನ ಕೋಣೆಗೆ ಅದು ಇಳಿದದ್ದು ಹೇಗೆ ಎಂದು ಹಲವರು ಕೇಳಿದರು. ಗ್ಯಾಸ್ ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳಕ್ಕೆ ಇಳಿದು ಕೂರುತ್ತದೆ. ಪೆಟ್ರೋಲ್ ಆವಿಯೂ ಹಾಗೆಯೇ. ಕಾರ್ಬನ್ ಮೊನಾಕ್ಸೈಡಿನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಗಾಳಿ ಎಲ್ಲೆಲ್ಲಿ ತಿರುಗುತ್ತದೋ ಅಲ್ಲೆಲ್ಲ ಬೆರೆಯುತ್ತದೆ. ಎಸಿ ಗಾಳಿಯನ್ನು ತಿರುಗಿಸುತ್ತಲೇ ಇತ್ತು, ಮೆಟ್ಟಿಲಿಗೆ ಬಾಗಿಲಿರಲಿಲ್ಲ. ನಮ್ಮ ಕಡೆ ಬಾಣಂತಿ ಕೋಣೆಗೆ ಕೆಂಡ ತಂದು ಸಾಂಬ್ರಾಣಿ ಹೊಗೆ ಹಾಕುವಾಗ ನಮ್ಮಮ್ಮ ಕಿಟಕಿಯ ಒಂದು ಬಾಗಿಲನ್ನು ತೆರೆದೇ ಇಡುತ್ತಿದ್ದರು. ಮಗುವಿಗೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು. ಅಷ್ಟು ವರ್ಷ ಅದನ್ನು ನೋಡಿದ್ದ ನನಗೆ ಅಂದು ಆ ಕಿಟಕಿ ನೆನಪಾಗಲಿಲ್ಲ.

ಹಾಗಾದರೆ ಬೋಟಿನಲ್ಲಿ ಶೀಶಾ ಎಲ್ಲಿ ಇಡಬೇಕು? ಇದಕ್ಕೆ ಸಲೀಸಾದ ಉತ್ತರವಿಲ್ಲ. ಹೋಗುತ್ತಿರುವ ಬೋಟಿನಲ್ಲಿ ಎಲ್ಲಿಯೂ ಬೇಡ. ಓಡುವ ಬೋಟಿನ ಬೆನ್ನ ಹಿಂದೆ ಗಾಳಿ ತೆಳುವಾಗಿ, ಎಂಜಿನ್ ಹೊಗೆಯೂ ಕೆಂಡದ ಅನಿಲವೂ ಹಿಂದಿನಿಂದ ಮತ್ತೆ ಒಳಕ್ಕೇ ಎಳೆದು ಬರುತ್ತವೆ. ಲಂಗರು ಹಾಕಿದಾಗ ಮುಂದಿನ ಡೆಕ್‌ನಲ್ಲಿಟ್ಟರೆ ಕಿಡಿಯೂ ಅನಿಲವೂ ಇಡೀ ಬೋಟಿನ ಮೇಲೆ ಹಾದುಹೋಗುತ್ತವೆ, ಡೆಕ್ ಮೇಲಿನ ಗವಾಕ್ಷಿ ತೆರೆದಿದ್ದರೆ ನೇರ ಮಲಗುವ ಕೋಣೆಗೆ ಇಳಿಯುತ್ತವೆ. ಫ್ಲೈಬ್ರಿಜ್ ಎತ್ತರದಲ್ಲಿದೆ, ಸಣ್ಣ ಅಲೆಗೂ ಹೆಚ್ಚು ತೂಗುತ್ತದೆ. ಉಳಿದದ್ದು ಹಿಂದಿನ ಡೆಕ್‌ನ ಕೊನೆ. ಅಲ್ಲಿಂದ ಗಾಳಿ ಹೊಗೆಯನ್ನು ಬೋಟಿನಾಚೆಗೆ ಒಯ್ಯುತ್ತದೆ. ಆದರೆ ಅಲ್ಲಿಯೇ ನಮ್ಮ ಜೆಟ್ ಸ್ಕೀ ಇರುತ್ತಿತ್ತು, ಅದರ ಹೊಟ್ಟೆಯಲ್ಲಿ ಪೆಟ್ರೋಲ್.

ಕೊನೆಗೆ ನಾನು ಮಾಲೀಕರ ಮುಂದೆ ಇಟ್ಟ ಬೇಡಿಕೆ ಹೀಗಿತ್ತು: ಇದ್ದಿಲಿನ ಶೀಶಾ ಇರುವ ದಿನ ಜೆಟ್ ಸ್ಕೀ ದಡದಲ್ಲಿ. ಲಂಗರು ಹಾಕಿದ ಮೇಲೆ, ಹಿಂದಿನ ಡೆಕ್‌ನ ತುದಿಯಲ್ಲಿ ಒಂದೇ ಒಂದು ಶೀಶಾ, ಅಂಚಿರುವ ಭಾರದ ತಟ್ಟೆಯ ಮೇಲೆ, ಕೆಂಡಕ್ಕೆ ಜಾಲರಿಯ ಮುಚ್ಚಳ ಹಾಕಿ. ಆ ಹೊತ್ತು ಸಲೂನಿನ ಬಾಗಿಲೂ ಗವಾಕ್ಷಿಗಳೂ ಮುಚ್ಚಿರಬೇಕು. ಇದ್ದಿಲು ಹೊತ್ತಿಸುವುದೂ ಹೊರಗೆಯೇ. ಕೆಂಡ ನೋಡಿಕೊಳ್ಳಲು ಒಬ್ಬ ಸಿಬ್ಬಂದಿ, ಅವನಿಗೆ ಆ ಹೊತ್ತು ಬೇರೆ ಕೆಲಸವಿಲ್ಲ. ಉಳಿದ ಬೂದಿಯನ್ನು ಕಡಲಿಗೂ ಚೆಲ್ಲಬಾರದು, ಕಸದ ಚೀಲಕ್ಕೂ ಹಾಕಬಾರದು. ಚೆಲ್ಲಿದ ಕಿಡಿಯನ್ನು ಗಾಳಿ ವಾಪಸು ತರುತ್ತದೆ, ಬೂದಿಯೊಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ನೀರಿರುವ ಲೋಹದ ಬಕೆಟ್ಟೇ ಅದರ ಜಾಗ. ಸಲೂನಿನಲ್ಲೂ ಪ್ರತಿಯೊಂದು ಮಲಗುವ ಕೋಣೆಯಲ್ಲೂ ಒಂದೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ, ಅದೂ ಬೋಟಿಗೆಂದೇ ಇರುವ ಯುರೋಪಿನ ಇಎನ್ 50291-2 ಮಾನಕದ್ದು. ಮನೆಯ ಮಾದರಿಯನ್ನು ಬೋಟಿನ ಅಲುಗಾಟಕ್ಕೆ ಪರೀಕ್ಷಿಸಿರುವುದಿಲ್ಲ. ಜೊತೆಗೆ ಒಂದು ಆಮ್ಲಜನಕದ ಸಿಲಿಂಡರ್.

ಮಾಲೀಕರು ಪಟ್ಟಿ ನೋಡಿ, ಇಷ್ಟೆಲ್ಲ ಮಾಡುವುದಕ್ಕಿಂತ ಕರೆಂಟಿನ ಶೀಶಾ ತರಿಸಿಬಿಡೋಣ ಎಂದರು. ಬಿಸಿ ಸುರುಳಿಯಿಂದ ತಂಬಾಕು ಕಾಯಿಸುವ ಸಾಧನ, ಇದ್ದಿಲೇ ಇಲ್ಲ. ಅಲಾರಂ, ಸಿಲಿಂಡರ್ ಎರಡೂ ಬಂದವು. ಕರೆಂಟಿನದ್ದನ್ನೂ ನಾನು ಹೊರಗೆ ಮಾತ್ರ ಬಿಡುತ್ತೇನೆ, ಒಳಗೆ ಬಿಡುವುದಿಲ್ಲ. ಅದರಿಂದ ಬೆಂಕಿಯ ಭಯವೂ ಇದ್ದಿಲಿನ ಅನಿಲದ ಭಯವೂ ಬಹುಪಾಲು ದೂರವಾಗುತ್ತವೆ ಎಂಬುದಷ್ಟೇ ನನ್ನ ಮಾತು. ತಂಬಾಕಿನ ಹೊಗೆ ಹೊಗೆಯೇ. ಒಂದು ಸಲ ಕುಳಿತು ಸೇದುವ ಶೀಶಾದಲ್ಲಿ ಒಳಗೆ ಹೋಗುವ ಹೊಗೆಯ ಪ್ರಮಾಣ ಒಂದು ಸಿಗರೇಟಿನ ನೂರು ಪಟ್ಟೋ ಇನ್ನೂ ಹೆಚ್ಚೋ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಟಿಪ್ಪಣಿ 2005ರಲ್ಲೇ ಹೇಳಿದೆ. ಕೇಳಿದ ಅತಿಥಿಗಳಿಗೆ ಇದನ್ನೂ ಹೇಳುತ್ತೇನೆ.

ಈಗ ಬೋಟಿನಲ್ಲಿ ಯಾರಾದರೂ ತಲೆನೋವೆಂದರೆ ನಿಂಬೆಹಣ್ಣಿಗೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ನೀವು ಎಲ್ಲಿ ಕುಳಿತಿದ್ದಿರಿ? ನಿಮ್ಮ ಪಕ್ಕದವರಿಗೂ ಹೀಗೇ ಆಗುತ್ತಿದೆಯೇ? ಅಲೆಯ ತಲೆಸುತ್ತು ಹೊರಗೆ ಇದ್ದವರನ್ನೂ ಬಿಡುವುದಿಲ್ಲ. ಮುಚ್ಚಿದ ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆ ನೋಯತೊಡಗಿ, ಹೊರಗೆ ಬಂದೊಡನೆ ಹಗುರಾದರೆ, ಅದು ಕಡಲಿನ ಕೆಲಸವಲ್ಲ.

ಚಳಿಗಾಲದಲ್ಲಿ ಅಟ್ಲಾಂಟಿಸ್ ಎದುರು ಒಂದೇ ಸಾಲಿನಲ್ಲಿ ಹತ್ತಾರು ಬೋಟುಗಳು ಲಂಗರು ಹಾಕುತ್ತವೆ. ಕತ್ತಲಾದ ಮೇಲೆ ಕೆಲವು ಬೋಟುಗಳಲ್ಲಿ ಮುಚ್ಚಿದ ಗಾಜಿನ ಹಿಂದೆ ಕೆಂಪು ಚುಕ್ಕಿಗಳು ಕಾಣುತ್ತವೆ, ಯಾರೋ ದಮ್ಮೆಳೆದಾಗ ಒಂದಿಷ್ಟು ಬೆಳಗಿ ಮತ್ತೆ ಮಂಕಾಗುತ್ತವೆ. ಕಳೆದ ಚಳಿಗಾಲದಲ್ಲಿ ಎರಡು ಸಲ ರೇಡಿಯೊದಲ್ಲಿ ಆ ಬೋಟುಗಳ ಹೆಸರು ಹಿಡಿದು ಕರೆದು, ಬಾಗಿಲು ತೆರೆಯಿರಿ, ಶೀಶಾ ಹೊರಗೆ ಇಡಿ ಎಂದೆ. ಒಂದರಲ್ಲಿ ಬಾಗಿಲು ಸರಿಯುವುದು ಕಂಡಿತು, ಆಮೇಲೆ ಯಾರೋ ಕೈ ಬೀಸಿದರು. ಇನ್ನೊಂದರಿಂದ ಉತ್ತರ ಬರಲಿಲ್ಲ. ಅದರ ಗಾಜು ತೆರೆಯುವವರೆಗೆ ನಾನು ದುರ್ಬೀನು ಕೆಳಗಿಡಲಿಲ್ಲ.